ನಾನು ಹಾಕದ ಕಾಳು

ನಮ್ಮ ಮನೆಯಲ್ಲಿ ಏಟಿಗೂ ಒಂದು ಕ್ರಮವಿತ್ತು. ಸಾಮಾನು ಕೈತಪ್ಪಿ ಬಿದ್ದರೆ ಕೆನ್ನೆಗೆ ಒಂದು. ಬೆಸುಗೆ ಹಿಡಿಯದೆ ವೈರು ಕಿತ್ತುಬಂದರೆ ಅಂಗೈಗೆ ಮೂರು. ಸುಳ್ಳು ಹೇಳಿದರೆ ಕೇಬಲ್ಲು. ಕೇಬಲ್ಲು ಎಂದರೆ ಮೈಕಿಗೆ ಹಾಕುವ ದಪ್ಪ ಕಪ್ಪು ವೈರು. ನಾಲ್ಕು ಮೊಳ ಕತ್ತರಿಸಿ, ಎರಡಾಗಿ ಮಡಚಿ, ಅಂಗಡಿಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿತ್ತು. ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸುತ್ತಿರಲಿಲ್ಲ. ಆಯುಧಪೂಜೆಯ ದಿನ ಅಪ್ಪ ಇಕ್ಕಳ, ಸ್ಕ್ರೂಡ್ರೈವರು, ಸಾಲ್ಡರಿಂಗ್ ಐರನ್ನು, ಮೀಟರು ಎಲ್ಲವನ್ನೂ ಒರೆಸಿ ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದ. ಅಮ್ಮ ಒಂದೊಂದಕ್ಕೂ ಕುಂಕುಮ ಇಟ್ಟು ಹೂವೇರಿಸುತ್ತ ಬಂದು, ಕೊನೆಗೆ ಬಾಗಿಲ ಹಿಂದೆ ಹೋಗಿ ಕೇಬಲ್ಲಿಗೂ ಒಂದು ಬೊಟ್ಟು ಇಡುತ್ತಿದ್ದಳು. ಕೋಪದಿಂದ ಇಡುತ್ತಿದ್ದಳೋ ಭಕ್ತಿಯಿಂದಲೋ ನನಗೆ ಇಂದಿಗೂ ಗೊತ್ತಿಲ್ಲ. ಅಪ್ಪ ನೋಡಿಯೂ ತಡೆಯುತ್ತಿರಲಿಲ್ಲ. ನಾನೂ ನನ್ನ ಅಣ್ಣ ಗೋಪಿಯೂ ಉಳಿದ ಸಾಮಾನುಗಳಿಗೆ ಮುಗಿದಂತೆ ಅದಕ್ಕೂ ಕೈಮುಗಿಯುತ್ತಿದ್ದೆವು.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಒಂದರ ಹಿಂದೊಂದು ಮೂರು ಕೋಣೆಯ ಮನೆ. ಬೀದಿಗೆ ತೆರೆಯುವುದು ಅಂಗಡಿ, ನಡುವಿನದು ಮಲಗುವ ಜಾಗ, ಹಿಂದೆ ಅಡುಗೆಮನೆ. ಅಂಗಡಿಯಿಂದ ಅಡುಗೆಮನೆಯವರೆಗೆ ಬಾಗಿಲುಗಳು ನೇರಕ್ಕೆ ಇದ್ದುದರಿಂದ ಅಪ್ಪ ಬೆಂಚಿನ ಮುಂದೆ ಕೂತಲ್ಲಿಂದಲೇ ಅಮ್ಮನ ಒಲೆ ನೋಡಬಹುದಿತ್ತು, ಅಮ್ಮ ಒಲೆಯ ಮುಂದಿನಿಂದ ಅಪ್ಪನ ಭುಜ ನೋಡಬಹುದಿತ್ತು. ಭುಜ ಏರಿದರೆ ಅವಳಿಗೆ ಗೊತ್ತಾಗುತ್ತಿತ್ತು. ಮುದ್ದೆ ತೊಳಸುವುದನ್ನು ಬಿಟ್ಟು ಎದ್ದು ಬಂದು ಮಧ್ಯೆ ನಿಲ್ಲುತ್ತಿದ್ದಳು, ನಮ್ಮ ಪಾಲಿನದರಲ್ಲಿ ಒಂದೆರಡು ಅವಳಿಗೂ ಬೀಳುತ್ತಿದ್ದವು. ಅದಾದ ಮೇಲೆ ಅಪ್ಪ ಚಪ್ಪಲಿ ಮೆಟ್ಟಿ ಹೋಟೆಲಿಗೆ ಹೋಗಿ ಮಸಾಲೆದೋಸೆ ಕಟ್ಟಿಸಿಕೊಂಡು ಬರುತ್ತಿದ್ದ. ಏಟು ತಿಂದವನ ಮುಂದೆ ಪೊಟ್ಟಣ ಇಡಬೇಕು, ಅವನು ಮೊದಲು ತಿನ್ನಬೇಕು, ಉಳಿದದ್ದು ಮಿಕ್ಕವರಿಗೆ. ಬಾಳೆಎಲೆಯ ಮೇಲೆ ಬೆಣ್ಣೆ ಕರಗಿದ ಆ ದೋಸೆಗಾಗಿ ನಾನು ಕೆಲವು ಸಲ ಅಣ್ಣನ ಬಾಸುಂಡೆಗಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ನಾನು ಎಂಥವನಾಗಿ ಬೆಳೆದೆ ಎಂಬುದನ್ನು ಹೇಳುವಾಗ ಇದನ್ನು ಬಿಡುವಂತಿಲ್ಲ.

ಅಪ್ಪ ರೇಡಿಯೊ, ಆಂಪ್ಲಿಫೈಯರು ರಿಪೇರಿ ಮಾಡುತ್ತಿದ್ದ. ಆದರೆ ಊರಿನ ಆರ್ಕೆಸ್ಟ್ರಾದವರು ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಪೊಳ್ಳು ಮೈಯ ಎಲೆಕ್ಟ್ರಿಕ್ ಗಿಟಾರಿಗಾಗಿ. ಹಲಗೆಯಂಥ ಗಿಟಾರಿಗೆ ಹಿಂದೆ ಒಂದು ಮುಚ್ಚಳವಿರುತ್ತದೆ, ತೆಗೆದರೆ ವೈರುಗಳೆಲ್ಲ ಕಣ್ಣೆದುರಿಗೆ. ಈ ಪೊಳ್ಳು ಗಿಟಾರಿಗೆ ಮುಚ್ಚಳವೇ ಇಲ್ಲ. ಪಿಟೀಲಿಗಿರುವಂಥ ಎರಡು ಸೀಳುಕಿಂಡಿ ಮಾತ್ರ. ವಾಲ್ಯೂಮು, ಟೋನು, ಸ್ವಿಚ್ಚು, ಪ್ಲಗ್ಗು ಚುಚ್ಚುವ ಜ್ಯಾಕು, ಅವುಗಳನ್ನು ಕೂಡಿಸುವ ವೈರು, ಎಲ್ಲವನ್ನೂ ಹೊರಗೆ ರಟ್ಟಿನ ಮೇಲೆ ಬೆಸೆದು ಪರೀಕ್ಷಿಸಿ, ಆಮೇಲೆ ಆ ಕಿಂಡಿಯಿಂದ ಒಳಗೆ ಬಿಟ್ಟು, ಒಂದೊಂದನ್ನೂ ಅದರದರ ತೂತಿನ ಮೂಲಕ ಹೊರಗೆ ಎಳೆದುಕೊಳ್ಳಬೇಕು. ಎಳೆಯುವುದಕ್ಕೆ ಅಮ್ಮನ ಹೊಲಿಗೆಯ ದಾರ. ವಾಲ್ಯೂಮಿಗೆ ಕೆಂಪು, ಟೋನಿಗೆ ಹಸಿರು, ಜ್ಯಾಕಿಗೆ ಕಪ್ಪು, ಸ್ವಿಚ್ಚಿಗೆ ಬಿಳಿ. ಅಪ್ಪನ ಬೆರಳು ದಪ್ಪ. ಹದಿನಾರರ ಅಣ್ಣನ ಬೆರಳು ಉದ್ದ, ಸಪೂರ, ಹಾಗಾಗಿ ಬೆಸುಗೆಯ ಕೆಲಸವೆಲ್ಲ ಅವನದು. ಹನ್ನೊಂದರ ನಾನು ದಾರ ಎಳೆಯುವವನು. ದಾರ ಕಡಿದು ವಾಲ್ಯೂಮು ಒಳಗೆ ಬಿದ್ದು ಗಡಗಡ ಉರುಳಿದರೆ ಆ ಸದ್ದಿಗೇ ನನ್ನ ಕೆನ್ನೆ ಬಿಸಿಯಾಗುತ್ತಿತ್ತು. ಗಿಟಾರು ತಲೆಕೆಳಗು ಮಾಡಿ ಅಲ್ಲಾಡಿಸಿ ಮತ್ತೆ ಮೊದಲಿನಿಂದ ಶುರು. ಒಂದು ಸಲ ಹಾಗೆ ಬೀಳಿಸಿದಾಗ ಅಪ್ಪ ತಿರುಗುವ ಮೊದಲೇ ‘ಅಣ್ಣ ದಾರ ಸಡಿಲ ಕಟ್ಟಿದ್ದ’ ಎಂದುಬಿಟ್ಟೆ. ಏಟು ಅವನಿಗೆ ಬಿತ್ತು. ಅವನು ನನ್ನ ಕಡೆ ನೋಡಿ, ದಾರ ಮತ್ತೆ ಕಟ್ಟಿಕೊಟ್ಟ. ಆಮೇಲೆ ಅದು ನನಗೆ ಅಭ್ಯಾಸವಾಯಿತು.

ಇನ್ನು ಕಾಳಿನ ವಿಷಯ. ಗಿಟಾರಿನ ತಂತಿಗಳು ಬಾಲದ ಕಡೆ ಒಂದು ಲೋಹದ ಪಟ್ಟಿಗೆ ಸಿಕ್ಕಿಕೊಂಡಿರುತ್ತವೆ. ಆ ಪಟ್ಟಿಗೆ ಒಳಗಿನಿಂದ ಅರ್ಥ್ ವೈರು ಕೊಡದಿದ್ದರೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ನಿಲ್ಲುವುದಿಲ್ಲ. ಕೊಟ್ಟರೆ ಇನ್ನೊಂದು ಅಪಾಯ. ಆಗಿನ ಆಂಪ್ಲಿಫೈಯರುಗಳಿಗೆ ಎರಡು ಪಿನ್ನಿನ ಪ್ಲಗ್ಗು. ಅದನ್ನು ತಿರುಗುಮುರುಗಾಗಿ ಹಾಕಿದರೆ, ಇಲ್ಲವೇ ಒಳಗೆ ಏನಾದರೂ ಕೆಟ್ಟರೆ ಕರೆಂಟು ಆಂಪ್ಲಿಫೈಯರಿನ ಮೈಗೆ ಬಂದು, ಅಲ್ಲಿಂದ ಗಿಟಾರಿನ ವೈರಿಗೆ, ತಂತಿಗೆ, ನುಡಿಸುವವನ ಬೆರಳಿಗೆ ಬರುತ್ತಿತ್ತು. ಅದಕ್ಕೆ ಅಪ್ಪ ಅರ್ಥ್ ವೈರನ್ನು ನೇರ ಕೊಡದೆ ನಡುವೆ ಒಂದು ಪುಟ್ಟ ಕಂಡೆನ್ಸರು ಬೆಸೆಯುತ್ತಿದ್ದ. ತೊಗರಿಕಾಳಿನಷ್ಟು, ಕಂದು ಬಣ್ಣ, ಎರಡು ಕಾಲು. ಅದಿದ್ದರೆ ಸದ್ದೂ ತಗ್ಗುತ್ತದೆ, ಕರೆಂಟು ಬಂದರೂ ಚುರುಕ್ ಎನ್ನುವುದರ ಮೇಲೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಅದರ ಹೆಸರು ಕಾಳು. ಪ್ರತಿ ಗಿಟಾರು ಹೊರಡುವ ಮೊದಲು ಅಪ್ಪ ಕೇಳುತ್ತಿದ್ದ ಪ್ರಶ್ನೆ ಒಂದೇ:

‘ಕಾಳು ಹಾಕಿದ್ರೇನ್ರೋ?’

ಹೆಂಡತಿ ಮಕ್ಕಳನ್ನು ದನಕ್ಕೆ ಬಡಿದಂತೆ ಬಡಿಯುತ್ತಿದ್ದ ಮನುಷ್ಯ, ಗುರುತಿಲ್ಲದ ಯಾರೋ ಒಬ್ಬ ಹಾಡುಗಾರನ ಜೀವವನ್ನು ಅಷ್ಟು ಜೋಪಾನ ಮಾಡುತ್ತಿದ್ದ. ಎರಡೂ ಅವನೇ.

ಆ ವರ್ಷ ಗಣೇಶನ ಹಬ್ಬದ ಮುಂಚೆ ಸ್ಯಾಮಣ್ಣ ತನ್ನ ದೊಡ್ಡ ಕೆಂಪು ಗಿಟಾರು ತಂದುಕೊಟ್ಟ. ಅವನು ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರು ನುಡಿಸುತ್ತ ಹಾಡುತ್ತಿದ್ದವನು, ನಗುಮುಖದವನು, ಬಂದಾಗಲೆಲ್ಲ ಅಣ್ಣನಿಗೆ ಒಂದೆರಡು ವರಸೆ ಹೇಳಿಕೊಡುತ್ತಿದ್ದ. ರಿಪೇರಿಗೆ ಬಂದ ಗಿಟಾರುಗಳನ್ನು ಪರೀಕ್ಷಿಸುವ ನೆಪದಲ್ಲೇ ಅಣ್ಣ ನುಡಿಸಲು ಕಲಿತಿದ್ದ. ಸ್ಯಾಮಣ್ಣನ ಗಿಟಾರಿನ ಒಳಗೆಲ್ಲ ತುಕ್ಕು ಹಿಡಿದಿತ್ತು; ಹಳೆಯದನ್ನು ಕಿತ್ತು ಪೂರ್ತಿ ಹೊಸ ವೈರಿಂಗ್ ಮಾಡಬೇಕಿತ್ತು. ಅದು ಮುಗಿಯುವ ದಿನ ಬೆಳಿಗ್ಗೆ, ಅಪ್ಪ ಸ್ನಾನಕ್ಕೆ ಹೋಗಿದ್ದಾಗ, ಸ್ಯಾಮಣ್ಣ ಬಂದ. ನಾನು ಬೆಂಚಿನ ಕೆಳಗೆ ಬಿದ್ದ ಸ್ಕ್ರೂ ಹುಡುಕುತ್ತಿದ್ದೆ. ಅವರಿಬ್ಬರೂ ನನ್ನನ್ನು ನೋಡಲಿಲ್ಲ.

‘ಹಬ್ಬ ಆದ್ಮೇಲೆ ಮೂರು ತಿಂಗಳು ಊರೂರು ಪ್ರೋಗ್ರಾಮು ಇದೆ ಗೋಪಿ. ನಂಗೆ ಸೆಕೆಂಡ್ ಗಿಟಾರಿಗೆ ಒಬ್ಬ ಬೇಕು. ನೀನ್ ಬಂದ್ಬಿಡು.’

‘ಅಪ್ಪ ಸಾಯ್ಸಾಕ್ತಾರೆ ಸ್ಯಾಮಣ್ಣ.’

‘ಇಲ್ಲಿದ್ರೂ ಸಾಯಿಸ್ತಾರೆ ಕಣೋ. ನಾನ್ ಮಾತಾಡ್ತೀನಿ ಬಿಡು. ನನ್ ರೂಮಲ್ಲೇ ಇರು, ವಾಪಸ್ ಬರ್ಬೇಡ.’

‘ಬರ್ತೀನಿ’ ಎಂದ ಅಣ್ಣ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೆಂಚಿನ ಕೆಳಗೆ ನನಗೆ ಕಾಣುತ್ತಿದ್ದುದು ಅವನ ಪಾದ. ಹೆಬ್ಬೆರಳು ತಾಳ ಹಾಕುತ್ತಿತ್ತು. ಅವನು ಹೋದರೆ ಈ ಮನೆಯಲ್ಲಿ ಅಪ್ಪನ ಕೈಗೆ ಸಿಗುವವನು ನಾನೊಬ್ಬನೇ. ನನ್ನ ಸುಳ್ಳಿಗೆ ಬೆನ್ನು ಕೊಡುವವರು ಯಾರೂ ಇರುವುದಿಲ್ಲ.

ಮಧ್ಯಾಹ್ನ ಅಪ್ಪ ಯಾವುದೋ ವಾಲ್ವ್ ತರಲು ಪೇಟೆಗೆ ಹೋದ. ಅಣ್ಣ ಒಳಗಿನ ಕೆಲಸ ಮುಗಿಸಿ, ‘ಸೀನ, ಬಾಲದ ವೈರು ಒಂದಿದೆ, ಕಾಳು ಹಾಕಿ ಬೆಸೆದು ಸ್ಕ್ರೂ ಬಿಗಿ, ನಾನು ಉಣ್ಕೊಂಡ್ ಬರ್ತೀನಿ’ ಎಂದು ಹಿಂದೆ ಹೋದ. ಅದು ಸುಲಭದ ಕೆಲಸ, ಹೊರಗಿನಿಂದಲೇ ಮಾಡಬಹುದಾದದ್ದು. ನಾನು ಕಾಳಿನ ಕಾಲನ್ನು ಇಕ್ಕಳದಿಂದ ಬಗ್ಗಿಸಿದೆ. ಬುಡಕ್ಕೇ ಪಟ್ಟನೆ ಮುರಿಯಿತು. ಬೆಸೆಯಲು ಏನೂ ಉಳಿಯಲಿಲ್ಲ. ಡಬ್ಬಿಯಲ್ಲಿ ಅದೇ ಕೊನೆಯದು. ಮುರಿದದ್ದನ್ನು ಮೋರಿಗೆ ಎಸೆದೆ. ವೈರನ್ನು ನೇರವಾಗಿ ಪಟ್ಟಿಗೆ ಬೆಸೆದು ಸ್ಕ್ರೂ ಬಿಗಿದೆ. ಗಿಟಾರನ್ನು ಆಂಪ್ಲಿಫೈಯರಿಗೆ ಹಾಕಿ ನೋಡಿದರೆ ಗುಂಯ್ ಸದ್ದು ಒಂದಿಷ್ಟೂ ಇಲ್ಲ, ಎಂದಿಗಿಂತ ಶುದ್ಧವಾಗಿತ್ತು. ಸಂಜೆ ಸ್ಯಾಮಣ್ಣ ಬಂದು ಅವಸರ ಮಾಡಿದ. ಅಪ್ಪ ಎಂದಿನಂತೆ ಕೇಳಿದ, ‘ಕಾಳು?’ ಅಣ್ಣ ಅಂಗಡಿಯಲ್ಲಿರಲಿಲ್ಲ, ನೀರು ಸೇದುತ್ತಿದ್ದ.

‘ಅಣ್ಣ ಹಾಕ್ದ’ ಎಂದೆ.

ಅಣ್ಣನ ಬೆಸುಗೆಯ ಮೇಲೆ ಅಪ್ಪನಿಗೆ ನಂಬಿಕೆಯಿತ್ತು. ಬಿಚ್ಚಿ ನೋಡಲಿಲ್ಲ.

ಮರುದಿನ ಸಂಜೆ ನಮ್ಮ ಬೀದಿಯ ಕೊನೆಯಲ್ಲೇ ಪೆಂಡಾಲು. ಮಧ್ಯಾಹ್ನ ಮಳೆ ಬಂದು ನೆಲ ಕೆಸರಾಗಿತ್ತು, ವೇದಿಕೆಯ ಹಲಗೆಗಳು ನೆನೆದಿದ್ದವು. ನಾನು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದೆ. ಎರಡು ಹಾಡು ಚೆನ್ನಾಗಿ ಆಯಿತು. ಮೂರನೆಯದಕ್ಕೆ ಯಾರೋ ಆಂಪ್ಲಿಫೈಯರಿನ ಪ್ಲಗ್ಗು ಕಿತ್ತು ತಿರುಗಿಸಿ ಹಾಕಿದರು. ಸ್ಯಾಮಣ್ಣ ಎಡಗೈಯಲ್ಲಿ ತಂತಿ ಒತ್ತಿ ಹಿಡಿದು ಹಾಡಲು ಬಾಯಿಯನ್ನು ಮೈಕಿನ ಹತ್ತಿರ ತಂದ. ತುಟಿ ತಾಗಿತು. ಒಂದು ನೀಲಿ ಕಿಡಿ. ಅವನ ಕತ್ತು ಹಿಂದಕ್ಕೆ ಸೆಟೆದುಕೊಂಡಿತು, ಎಡಗೈ ತಂತಿಯನ್ನು ಬಿಡಲಿಲ್ಲ, ಬಿಡಲು ಆಗಲಿಲ್ಲ. ಗಿಟಾರಿನಿಂದ ಒಂದು ಊಳು ಹೊರಟಿತು. ಹಾಗೇ ಸೆಟೆದುಕೊಂಡು ಮುಖ ಅಡಿಯಾಗಿ ಮೈಕಿನ ಕಂಬದ ಮೇಲೆ ಬಿದ್ದ. ಡ್ರಮ್ಮಿನವನು ವೈರನ್ನು ಕಾಲಿನಿಂದ ಒದ್ದು ಕಿತ್ತ. ಎತ್ತಿದಾಗ ಅವನ ಮುಂದಿನ ಹಲ್ಲು ಮೂರು ಇರಲಿಲ್ಲ, ತುಟಿ ಸೀಳಿತ್ತು, ಬೆರಳ ತುದಿಗಳಲ್ಲಿ ತಂತಿಯ ಗೆರೆ ಸುಟ್ಟು ಬೆಳ್ಳಗಾಗಿತ್ತು. ಬದುಕಿದ. ಮುಂದೆ ಹಾಡಿದನೋ ಇಲ್ಲವೋ ತಿಳಿದುಕೊಳ್ಳುವ ಧೈರ್ಯ ನಾನು ಮಾಡಲಿಲ್ಲ.

ಬೆಳಿಗ್ಗೆ ಡ್ರಮ್ಮಿನವನು ಗಿಟಾರು ತಂದು ಬೆಂಚಿನ ಮೇಲೆ ಕುಕ್ಕಿದ.

‘ಬಿಚ್ಚಯ್ಯ. ನಂ ಮುಂದೇನೇ ಬಿಚ್ಚು.’

ಅಪ್ಪ ಬಾಲದ ಪಟ್ಟಿ ಬಿಚ್ಚಿದ. ಬರಿ ವೈರು. ಅಪ್ಪನ ಕೈ ನಿಂತುಹೋಯಿತು. ಡ್ರಮ್ಮಿನವನು ಅಪ್ಪನ ಕೆನ್ನೆಗೆ ಬಾರಿಸಿದ, ಒಂದಲ್ಲ, ಎರಡು. ಬೀದಿಯಲ್ಲಿ ಜನ ನಿಂತಿದ್ದರು. ಅಪ್ಪ ತಿರುಗಿ ಹೊಡೆಯಲಿಲ್ಲ. ‘ತಪ್ಪಾಯ್ತು’ ಎಂದ. ಆ ಮಾತು ಅವನ ಬಾಯಲ್ಲಿ ಅದೇ ಮೊದಲು, ಅದೇ ಕೊನೆ. ಅವನೂ ಜನರೂ ಹೋದ ಮೇಲೆ ಅಂಗಡಿಯ ಬಾಗಿಲು ಹಾಕಿ ಚಿಲಕ ಜಡಿದ.

‘ಕಾಳು ಹಾಕಿದ್ದು ಯಾರು?’

‘ನಾನಲ್ಲಪ್ಪ’ ಎಂದ ಅಣ್ಣ. ನನ್ನ ಕಡೆ ಬೆರಳು ತೋರಿಸಲಿಲ್ಲ.

‘ಸೀನ, ನೀನ್ ಹೇಳು. ಯಾರು?’

‘ಅಣ್ಣ. ನಾನು ನೋಡ್ದೆ.’

ಅಪ್ಪ ಕೇಬಲ್ಲಿಗಾಗಿ ಬಾಗಿಲ ಹಿಂದೆ ಹೋಗಲಿಲ್ಲ. ಅಣ್ಣನ ಎಡಗೈ ಹಿಡಿದು ಬೆಂಚಿನ ತುದಿಗೆ ಎಳೆದುಕೊಂಡು ಹೋದ. ಅಲ್ಲಿ ಕಬ್ಬಿಣದ ವೈಸಿತ್ತು, ತಗಡು ಕಚ್ಚಿಸಿ ಹಿಡಿಯುವಂಥದ್ದು. ಅಪ್ಪ ಅದರ ಹಿಡಿ ತಿರುಗಿಸಿ ಬಾಯಿ ತೆರೆದ. ಅದು ತೆರೆಯಲು ಹೊತ್ತು ಹಿಡಿಯಿತು. ನಾನು ಬಾಯಿ ಬಿಡಬಹುದಾಗಿದ್ದ ಹೊತ್ತು ಅದು. ಭಯವಿತ್ತು, ನಿಜ, ಕಾಲು ನಡುಗಿ ಚಡ್ಡಿ ಒದ್ದೆಯಾಗಿತ್ತು. ಆದರೆ ಭಯದ ಅಡಿಯಲ್ಲಿ ಇನ್ನೊಂದಿತ್ತು, ಅದು ನಡುಗುತ್ತಿರಲಿಲ್ಲ. ಕೈಗೆ ಪೆಟ್ಟಾದರೆ ಅಣ್ಣ ಹೋಗುವುದಿಲ್ಲ ಎಂದು ಅದು ಹೇಳಿತು. ನಾನು ಅದನ್ನು ಕೇಳಿದೆ. ಸುಮ್ಮನೆ ನಿಂತೆ.

ಮಧ್ಯದ ಬೆರಳು, ಉಂಗುರದ ಬೆರಳು. ಅಪ್ಪ ಹಿಡಿ ತಿರುಗಿಸಿದ. ಮೊದಲ ಸುತ್ತಿಗೆ ಅಣ್ಣ ಕೂಗಿದ, ಎರಡನೆಯ ಸುತ್ತಿಗೆ ಅವನ ದನಿ ನಿಂತಿತು, ಆಮೇಲೆ ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ಅಮ್ಮ ಒಲೆಯ ಮುಂದಿನಿಂದ ಓಡಿ ಬಂದವಳು ಅಪ್ಪನ ಬೆನ್ನಿಗೆ ಗುದ್ದಿದಳು, ಕೂದಲು ಹಿಡಿದೆಳೆದಳು. ಅವನು ಮೊಣಕೈಯಿಂದ ಅವಳ ಮುಖಕ್ಕೆ ಹೊಡೆದ. ಮೂಗಿನಿಂದ ರಕ್ತ ಇಳಿಯುತ್ತಿದ್ದಂತೆಯೇ ಅವಳು ಬೆಂಚಿನ ಮೇಲೆ ಕಾದಿದ್ದ ಸಾಲ್ಡರಿಂಗ್ ಐರನ್ನು ತೆಗೆದು ಅವನ ಮುಂಗೈ ಮೇಲೆ ಒತ್ತಿ ಹಿಡಿದಳು.

‘ಬಿಡೋ. ಬಿಡೋ ಅವನ್ನ. ಬಿಡದಿದ್ರೆ ಕಣ್ಣಿಗೆ ಇಡ್ತೀನಿ.’

ನಾನು ಹುಟ್ಟಿದಾಗಿನಿಂದ ಅವಳು ಅಪ್ಪನನ್ನು ಬಹುವಚನ ಬಿಟ್ಟು ಕರೆದದ್ದನ್ನು ಕೇಳಿರಲಿಲ್ಲ. ಚರ್ಮ ಸುಟ್ಟ ವಾಸನೆ ಬೆಸುಗೆಯ ಅರಗಿನ ವಾಸನೆಯ ಜೊತೆ ಸೇರಿಕೊಂಡಿತು. ಅಪ್ಪ ಹಿಡಿ ಬಿಟ್ಟು ಹಿಂದೆ ಸರಿದು ಗೋಡೆಗೊರಗಿ ಕೂತ. ಅಮ್ಮನೇ ವೈಸು ಬಿಚ್ಚಿದಳು. ಯಾವ ಕಡೆ ತಿರುಗಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಮೊದಲು ಬಿಗಿಯುವ ಕಡೆಗೇ ತಿರುಗಿಸಿದಳು. ಅಣ್ಣನೇ ಬಲಗೈಯಿಂದ ತೋರಿಸಿದ.

ಆಸ್ಪತ್ರೆಯಲ್ಲಿ ಬಾಗಿಲಿಗೆ ಸಿಕ್ಕಿತು ಎಂದು ಹೇಳಲಾಯಿತು. ಅಂದು ರಾತ್ರಿಯೂ ಅಪ್ಪ ದೋಸೆ ಕಟ್ಟಿಸಿಕೊಂಡು ಬಂದು, ಪೊಟ್ಟಣವನ್ನು ಅಣ್ಣನ ಮುಂದಿಟ್ಟು ನಡುಮನೆಯಲ್ಲಿ ಮಗ್ಗುಲಾದ. ಅಣ್ಣ ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ಬಲಗೈಯಿಂದ ಅದನ್ನು ನನ್ನ ಕಡೆ ತಳ್ಳಿದ.

‘ನೀನ್ ತಿನ್ನು.’

ನಾನು ತಿಂದೆ. ಪೂರ್ತಿ ತಿಂದೆ.

ಆ ಬೆರಳುಗಳು ಮತ್ತೆ ಮಡಚಲಿಲ್ಲ. ಅಣ್ಣ ಒಂದು ಪ್ರೆಸ್ಸಿನಲ್ಲಿ ಕಾಗದ ಎಣಿಸುವ ಕೆಲಸಕ್ಕೆ ಸೇರಿ, ಅಲ್ಲೇ ವಯಸ್ಸಾಗಿ ನಿವೃತ್ತನಾದ. ಅಪ್ಪ ಮುಂಗೈಯ ಸುಟ್ಟ ಕಲೆ ಮುಚ್ಚಲು ತುಂಬುತೋಳಿನ ಅಂಗಿ ಹಾಕಲು ಶುರುಮಾಡಿ ಹಾಗೇ ಸತ್ತ. ಅಂಗಡಿ ನನಗೆ ಬಂತು. ಅಂಗಡಿಯ ಜೊತೆ ಕೈಯೂ ಬಂತು. ನನ್ನ ಹೆಂಡತಿಗೆ ಹೊಡೆದಿದ್ದೇನೆ. ಮಗನಿಗೆ ಒಮ್ಮೆ ಕಿವಿಯಿಂದ ರಕ್ತ ಬರುವ ಹಾಗೆ ಹೊಡೆದಿದ್ದೇನೆ. ಅವನು ಇದೇ ಊರಿನಲ್ಲಿದ್ದರೂ ನನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಅಪ್ಪನನ್ನು ನೋಡಿ ಕಲಿತೆ ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ಅರ್ಧ ನಿಜ. ಸುಮ್ಮನೆ ನಿಂತು ಇನ್ನೊಬ್ಬರ ಬೆರಳು ಮುರಿಯುವುದನ್ನು ನಾನು ಯಾರನ್ನೂ ನೋಡಿ ಕಲಿಯಲಿಲ್ಲ.

ಹೋದ ತಿಂಗಳು ಒಬ್ಬ ಹುಡುಗಿ ತನ್ನ ತಾತನದೆಂದು ಅಂಥದೇ ಪೊಳ್ಳು ಗಿಟಾರು ತಂದಳು. ನಾನು ಬಾಲದ ವೈರಿಗೆ ಕಂಡೆನ್ಸರು ಬೆಸೆಯುತ್ತಿದ್ದಾಗ ಬಗ್ಗಿ ನೋಡಿ, ‘ಅಂಕಲ್, ಇದ್ಯಾಕೆ? ಇದಿಲ್ದೇನೂ ಸೌಂಡ್ ಬರುತ್ತಲ್ವಾ?’ ಎಂದಳು. ಅವಳ ಕೆಲಸ ಮುಗಿಸಿ ಕಳಿಸಿ, ಷಟರ್ ಎಳೆದು, ಬಸ್ಸು ಹಿಡಿದು ಮತ್ತಿಕೆರೆಯ ಅಣ್ಣನ ಮನೆಗೆ ಹೋದೆ. ಅವನು ಜಗಲಿಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ. ಒಳಗೆ ಅತ್ತಿಗೆ ಕುಕ್ಕರು ಇಟ್ಟಿದ್ದರು.

‘ಅಣ್ಣ, ಆ ಕಾಳು ಮುರಿದಿದ್ದು ನಾನು.’

ಅವನು ಕನ್ನಡಕದ ಮೇಲಿಂದ ನೋಡಿದ. ‘ಇದನ್ನ ಹೇಳೋಕೆ ಬಸ್ ಹತ್ಕೊಂಡ್ ಬಂದ್ಯಾ? ನಾನಲ್ಲ ಅಂದ್ಮೇಲೆ ಇನ್ಯಾರು, ಬೆಕ್ಕಾ? ಬಿಡು. ಹನ್ನೊಂದು ವರ್ಷದ ಹುಡುಗ, ಹೆದರ್ಕೊಂಡಿದ್ದೆ. ನಾನಾಗಿದ್ರೂ ಹಂಗೇ ಹೇಳ್ತಿದ್ದೆ. ಕೂತ್ಕೋ, ಕಾಫಿ ಕುಡಿ.’

ಇಷ್ಟು ವರ್ಷ ಅವನು ಕ್ಷಮಿಸಿಕೊಂಡು ಬಂದದ್ದು ಹೆದರಿದ ಹುಡುಗನನ್ನು. ಕಾಫಿ ಕುಡಿದು ಆ ಕ್ಷಮೆಯನ್ನೇ ಜೇಬಿಗೆ ಹಾಕಿಕೊಂಡು ಬರಬಹುದಿತ್ತು. ನಾನು ಕೂರಲಿಲ್ಲ.

‘ಹೆದರಿಕೆ ಒಂದೇ ಅಲ್ಲಣ್ಣ. ಸ್ಯಾಮಣ್ಣ ನಿನ್ನ ಕರ್ಕೊಂಡು ಹೋಗ್ತೀನಿ ಅಂದಿದ್ದು ನಂಗೆ ಗೊತ್ತಿತ್ತು. ಬೆಂಚಿನ ಕೆಳಗಿದ್ದೆ.’

ಅವನು ಪೇಪರು ಮಡಚಿದ. ಬಹಳ ನಿಧಾನವಾಗಿ ಮಡಚಿದ.

‘ಪೂರ್ತಿ ಕೇಳಿಸ್ಕೊಂಡ್ಯಾ?’

‘ಹೂಂ.’

‘ಅಪ್ಪ ವೈಸು ತಿರುಗಿಸ್ವಾಗ? ಅದು ತಲೇಲಿತ್ತಾ?’

‘ಇತ್ತು. ಕೈ ಹೋದ್ರೆ ನೀನು ಹೋಗಲ್ಲ ಅಂದ್ಕೊಂಡೆ.’

ಅವನು ಎದ್ದು ನಿಂತ. ಎಡಗೈಯಿಂದ ನನ್ನ ಕೆನ್ನೆಗೆ ಹೊಡೆದ. ಮಡಚದ ಆ ಎರಡು ಬೆರಳು ಕೋಲಿನಂತೆ ಕಣ್ಣಿನ ಕೆಳಗೆ ತಾಗಿದವು, ನನ್ನ ಕನ್ನಡಕ ಹಾರಿಹೋಯಿತು. ನಾನು ಬಂದದ್ದೇ ಇದಕ್ಕಾಗಿ ಎಂದು ಆ ಕ್ಷಣದವರೆಗೆ ನಂಬಿದ್ದೆ. ಹೊಡೆಯಲಿ, ಎಷ್ಟು ಬೇಕಾದರೂ ಹೊಡೆಯಲಿ ಎಂದುಕೊಂಡೇ ಬಂದಿದ್ದೆ. ಆದರೆ ನನ್ನ ಬಲಗೈ ಎದ್ದುಬಿಟ್ಟಿತ್ತು. ಮುಷ್ಟಿ ಯಾವಾಗ ಕಟ್ಟಿತೋ ತಿಳಿಯದು. ಎಪ್ಪತ್ತು ದಾಟಿದ ನನ್ನ ಅಣ್ಣನ ಮುಖದ ಮುಂದೆ ಅದು ಎತ್ತಿ ನಿಂತಿತ್ತು. ಸದ್ದು ಕೇಳಿ ಅತ್ತಿಗೆ ಸೌಟು ಹಿಡಿದೇ ಹೊರಗೆ ಬಂದರು. ಅಣ್ಣ ಹಿಂದೆ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ನನ್ನ ಮುಷ್ಟಿಯ ಮೇಲಿಂದ ಕಣ್ಣು ತೆಗೆಯದೆ ಹೆಂಡತಿಗೆ ಹೇಳಿದ:

‘ನೋಡೇ, ನಮ್ಮಪ್ಪ ಬಂದವ್ನೆ. ಒಂದು ಲೋಟ ನೀರು ಕೊಡು.’

ಅತ್ತಿಗೆಗೆ ಏನೂ ಅರ್ಥವಾಗಲಿಲ್ಲ. ಆದರೂ ಒಳಗೆ ಹೋಗಿ ನೀರು ತಂದರು. ನಾನು ಕೈ ಇಳಿಸಿ, ಮುಷ್ಟಿ ಬಿಚ್ಚಿ, ಲೋಟ ತೆಗೆದುಕೊಂಡು ನಿಂತೇ ಕುಡಿದೆ. ಅಣ್ಣ ಮತ್ತೆ ಕುರ್ಚಿಯಲ್ಲಿ ಕೂತು, ನಾನು ಹೋಗಲಿ ಎಂದು ಕಾಯುತ್ತಿದ್ದ.